ಪ್ರವಾಸದ ಹೊತ್ತಿಗೇ ಆಸ್ಪತ್ರೆ: ರದ್ದು ಮಾಡುವುದಾ, ಮುಂದೂಡುವುದಾ, ಕಾದು ನೋಡುವುದಾ?

ಪ್ರವಾಸಕ್ಕೆ ಇನ್ನೇನು ನಾಲ್ಕು ದಿನ ಇದೆ ಅನ್ನುವಾಗ ಮನೆಯವರೊಬ್ಬರು ಆಸ್ಪತ್ರೆಗೆ ಅಡ್ಮಿಟ್ ಆದರು ಅಂದುಕೊಳ್ಳಿ. ಎಲ್ಲರೂ ಡಾಕ್ಟರನ್ನು ಕೇಳುವುದು ಒಂದೇ: "ಅಷ್ಟರೊಳಗೆ ಡಿಸ್ಚಾರ್ಜ್ ಆಗುತ್ತಾ?" ಈ ಪ್ರಶ್ನೆಯಿಂದ ದಾರಿ ತಪ್ಪುವುದೇ ಜಾಸ್ತಿ. ಡಿಸ್ಚಾರ್ಜ್ ಅಂದರೆ ಆಸ್ಪತ್ರೆಯ ಹಾಸಿಗೆ ಬೇಡ ಅಂತ ಅಷ್ಟೇ. ವಿಮಾನದಲ್ಲಿ ಹತ್ತು ಗಂಟೆ ಕೂರಬಹುದು ಅಂತ ಅಲ್ಲ.

ಆ ದಿನ ನಿಜವಾಗಿ ಗೊತ್ತಾಗಬೇಕಾದ್ದು ಬೇರೆ. ಯಾವ ತೀರ್ಮಾನ ಇವತ್ತೇ ಆಗಬೇಕು? ಯಾವುದನ್ನು ಮುಂದಿನ ವಾರಕ್ಕೆ ಬಿಟ್ಟರೂ ನಷ್ಟವಿಲ್ಲ? ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡುವುದು ಇವತ್ತಿನ ಕೆಲಸ. ವಿಮಾನ ಹೊರಡುವ ಮೊದಲು ಏರ್‌ಲೈನ್‌ಗೆ ತಿಳಿಸುವುದೂ ಗಡುವಿರುವ ಕೆಲಸವೇ. ಮತ್ತೆ ಯಾವಾಗ ಹೋಗುವುದು ಅನ್ನುವುದಕ್ಕೆ ಮಾತ್ರ ಯಾವ ಅವಸರವೂ ಇಲ್ಲ. ಆದರೆ ಗಾಬರಿಯಲ್ಲಿ ಜನ ಮೊದಲು ಕೂತು ಚರ್ಚೆ ಮಾಡುವುದು ಈ ಕೊನೆಯದನ್ನೇ.

ಹೊರಡುವ ಮೊದಲೇ ಅಡ್ಮಿಟ್ ಆದರೆ

ನಿಮ್ಮ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿ ಇರುತ್ತವೆ: ಟಿಕೆಟ್ ಕ್ಯಾನ್ಸಲ್ ಮಾಡಿ ಬಂದಷ್ಟು ದುಡ್ಡು ಪಡೆಯುವುದು, ಬೇರೆ ತಾರೀಕಿಗೆ ಬದಲಾಯಿಸುವುದು, ತಾರೀಕು ಹಾಕದೆ ಏರ್‌ಲೈನ್ ಹತ್ತಿರ ಕ್ರೆಡಿಟ್ (ಮುಂದಿನ ಟಿಕೆಟ್‌ಗೆ ಬಳಸುವ ಮೊತ್ತ) ಆಗಿ ಬಿಡುವುದು, ಕೊನೆಯ ಗಳಿಗೆಯವರೆಗೆ ಕಾದು ನೋಡುವುದು.

ಹೆಚ್ಚಿನವರು ತಾರೀಕು ಬದಲಾಯಿಸುತ್ತಾರೆ. ಟ್ರಿಪ್ ಪೂರ್ತಿ ಹೋಗಲಿಲ್ಲ, ಹದಿನೈದು ದಿನ ಮುಂದೆ ಹೋಯಿತು ಅಷ್ಟೇ ಅನ್ನುವ ಸಮಾಧಾನ ಸಿಗುತ್ತದೆ. ನನ್ನ ಪ್ರಕಾರ ನಾಲ್ಕರಲ್ಲಿ ಕೈಸುಡುವ ಸಾಧ್ಯತೆ ಹೆಚ್ಚಿರುವುದು ಇದರಲ್ಲೇ. ಅಡ್ಮಿಟ್ ಆದ ದಿನ ಯಾರಿಗೂ, ಡಾಕ್ಟರಿಗೂ, ಚೇತರಿಕೆಗೆ ಎಷ್ಟು ದಿನ ಬೇಕು ಅಂತ ಖಚಿತವಾಗಿ ಗೊತ್ತಿರುವುದಿಲ್ಲ. ನೀವು ಅಂದಾಜಿನ ಮೇಲೆ ಹೊಸ ತಾರೀಕು ಹಾಕುತ್ತೀರಿ, ಬದಲಾವಣೆಯ ಶುಲ್ಕ ಇದ್ದರೆ ಅದನ್ನೂ, ದರದ ವ್ಯತ್ಯಾಸವನ್ನೂ ಕಟ್ಟುತ್ತೀರಿ. ಅಷ್ಟರೊಳಗೆ ಸುಧಾರಿಸದಿದ್ದರೆ ಮತ್ತೆ ಅದೇ ಖರ್ಚು. ಇನ್ನೊಂದು ವಿಷಯ: ಇನ್ಶೂರೆನ್ಸ್ ಪಾಲಿಸಿಯಲ್ಲೂ ಪ್ರಯಾಣದ ತಾರೀಕು ಇರುತ್ತದೆ. ಟಿಕೆಟ್ ಮಾತ್ರ ಬದಲಾಯಿಸಿ ಪಾಲಿಸಿಯನ್ನು ಮರೆತರೆ, ಹೊಸ ತಾರೀಕಿಗೆ ನೀವು ಇನ್ಶೂರೆನ್ಸ್ ಇಲ್ಲದೆ ಹೊರಟ ಹಾಗೆಯೇ.

ಮುಂದೂಡಲೇಬೇಕು ಅಂತಿದ್ದರೆ ಕ್ರೆಡಿಟ್ ಆಗಿ ಬಿಡುವುದು ಮೇಲು. ಆದರೆ ಮೊದಲು ಎರಡು ವಿಷಯ ಕೇಳಿಕೊಳ್ಳಿ. ಆ ಕ್ರೆಡಿಟ್‌ನ ಅವಧಿ ಎಷ್ಟು? ಆ ಅವಧಿಯೊಳಗೆ ಬುಕ್ ಮಾಡಿದರೆ ಸಾಕಾ, ಅಥವಾ ಪ್ರಯಾಣವನ್ನೇ ಮುಗಿಸಬೇಕಾ? ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ವರ್ಷದ ಅವಧಿ ಅಂದುಕೊಂಡು ಹನ್ನೊಂದನೇ ತಿಂಗಳಲ್ಲಿ ಟಿಕೆಟ್ ಹುಡುಕಿದವರಿಗೆ, ಪ್ರಯಾಣವೇ ಮುಗಿದಿರಬೇಕಿತ್ತು ಅಂತ ಆಮೇಲೆ ಗೊತ್ತಾಗುತ್ತದೆ.

ಕ್ಯಾನ್ಸಲೇಷನ್ ಕವರ್ ಇರುವ ಪಾಲಿಸಿ ನಿಮ್ಮ ಹತ್ತಿರ ಇದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಆಗ ಕ್ಯಾನ್ಸಲ್ ಮಾಡುವುದೇ ಒಳ್ಳೆಯದು. ಇಲ್ಲಿ ಒಂದು ಸಿಕ್ಕು ಇದೆ: ಏರ್‌ಲೈನ್ ಕ್ರೆಡಿಟ್ ಕೊಟ್ಟು ನೀವು ಒಪ್ಪಿಕೊಂಡರೆ, ಆ ಮೊತ್ತ ನಿಮಗೆ ನಷ್ಟವೇ ಆಗಿಲ್ಲ ಅಂತ ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ವಾದಿಸುತ್ತಾರೆ. ಹಾಗಾಗಿ ಫೋನಿನಲ್ಲಿ "ಕ್ರೆಡಿಟ್ ಕೊಡುತ್ತೇವೆ, ಸರಿನಾ?" ಅಂದ ತಕ್ಷಣ ಹೂಂ ಅನ್ನಬೇಡಿ. ಮೊದಲು ಇನ್ಶೂರೆನ್ಸ್‌ನವರ ಹತ್ತಿರ ಮಾತಾಡಿ, ಆಮೇಲೆ ಏರ್‌ಲೈನ್.

ಕಾದು ನೋಡುವುದು ಪುಕ್ಕಟೆ ಅಂತ ಅನಿಸುತ್ತದೆ, ಅಲ್ವಾ? ಅಲ್ಲ. ಹೋಟೆಲ್ ಮತ್ತು ಟೂರ್ ಕಂಪನಿಗಳ ಕ್ಯಾನ್ಸಲೇಷನ್ ದಂಡ ದಿನ ಹತ್ತಿರ ಬಂದಂತೆ ಏರುತ್ತದೆ. ಅನೇಕ ಪಾಲಿಸಿಗಳಲ್ಲಿ ಒಂದು ಷರತ್ತೂ ಇರುತ್ತದೆ: ಪ್ರಯಾಣ ಸಾಧ್ಯವಿಲ್ಲ ಅಂತ ಗೊತ್ತಾದ ತಕ್ಷಣ ಕ್ಯಾನ್ಸಲ್ ಮಾಡಬೇಕು, ತಡ ಮಾಡಿದ್ದರಿಂದ ಏರಿದ ದಂಡವನ್ನು ಅವರು ಕೊಡುವುದಿಲ್ಲ. "ಪ್ರಯಾಣ ಬೇಡ" ಅಂತ ಡಾಕ್ಟರ್ ಸೋಮವಾರ ಹೇಳಿ, ನೀವು ಶುಕ್ರವಾರ ಕ್ಯಾನ್ಸಲ್ ಮಾಡಿದರೆ ಸೋಮವಾರದ ಲೆಕ್ಕದಲ್ಲೇ ದುಡ್ಡು ಸಿಗುತ್ತದೆ. ಡಾಕ್ಟರ್ ಇನ್ನೂ "ನೋಡೋಣ" ಅನ್ನುತ್ತಿದ್ದರೆ ಮಾತ್ರ ಕಾಯುವುದರಲ್ಲಿ ಅರ್ಥ ಇದೆ. ವಿಮಾನವೇ ರದ್ದಾಗಿ ಪೂರ್ತಿ ದುಡ್ಡು ವಾಪಸ್ ಬರಲಿ ಅಂತ ಕಾಯುವವರೂ ಇದ್ದಾರೆ. ಆಗಬಹುದು, ಆದರೆ ಅದು ಜೂಜು.

ಏನೇ ಆರಿಸಿ, ಹೇಳದೆ ಕೇಳದೆ ವಿಮಾನ ತಪ್ಪಿಸಬೇಡಿ. ಏರ್‌ಲೈನ್ ಭಾಷೆಯಲ್ಲಿ ಇದಕ್ಕೆ ನೋ-ಶೋ ಅನ್ನುತ್ತಾರೆ. ಮೊದಲ ವಿಮಾನಕ್ಕೆ ನೀವು ಬರದಿದ್ದರೆ ಅದೇ ಟಿಕೆಟ್‌ನಲ್ಲಿರುವ ಮುಂದಿನ ವಿಮಾನಗಳನ್ನೂ, ವಾಪಸ್ ಬರುವುದನ್ನೂ ಸೇರಿಸಿ, ಸಾಮಾನ್ಯವಾಗಿ ರದ್ದು ಮಾಡಿಬಿಡುತ್ತಾರೆ. ಹೊರಡುವ ಮೊದಲು ಒಂದು ಕ್ಯಾನ್ಸಲ್ ಬಟನ್ ಒತ್ತಿದ್ದರೆ ಉಳಿಯುತ್ತಿದ್ದ ದುಡ್ಡು ಹೀಗೆ ಸುಮ್ನೆ ಹೋಗುತ್ತದೆ. ನಾನ್-ರೀಫಂಡಬಲ್ ಟಿಕೆಟ್ ಅಂತ ಕೈಬಿಡುವುದೂ ಬೇಡ. ಪ್ರಯಾಣ ಮಾಡದೆ ಇದ್ದಾಗ ವಿಮಾನ ನಿಲ್ದಾಣದ ತೆರಿಗೆಗಳನ್ನು ಅನೇಕ ಏರ್‌ಲೈನ್‌ಗಳು ವಾಪಸ್ ಕೊಡುತ್ತವೆ. ಕೇಳಿದವರಿಗೆ ಮಾತ್ರ.

ಹೋಟೆಲ್ ವಿಷಯದಲ್ಲಿ ಬುಕಿಂಗ್ ಸೈಟ್‌ನ ಬಟನ್‌ಗಿಂತ ನೇರವಾಗಿ ಹೋಟೆಲ್‌ಗೆ ಬರೆಯುವುದು ವಾಸಿ. ಅಡ್ಮಿಷನ್ ಕಾಗದದ ಫೋಟೋ ಜೊತೆಗೆ ಎರಡು ಸಾಲು ಸಾಕು. ಹೋಟೆಲ್ ಒಪ್ಪಿದರೆ ಸೈಟ್‌ನವರು ದಂಡ ಬಿಡುವುದುಂಟು.

ಡಾಕ್ಟರ ಪತ್ರದಲ್ಲಿ ಏನಿರಬೇಕು

ರೀಫಂಡ್ ಆಗಲಿ, ಕ್ಲೇಮ್ ಆಗಲಿ, ನಿಲ್ಲುವುದು ಒಂದು ಕಾಗದದ ಮೇಲೆ. ಡಿಸ್ಚಾರ್ಜ್ ಸಮರಿಯನ್ನು ತೆಗೆದು ಕೊನೆಯ ಪುಟ ನೋಡಿ. ಸಲಹೆ ಅನ್ನುವ ಕಡೆ ಸಾಮಾನ್ಯವಾಗಿ "ವಿಶ್ರಾಂತಿ, ಒಂದು ವಾರದ ನಂತರ ಮರಳಿ ಭೇಟಿ" ಅಂತಿರುತ್ತದೆ. ಕ್ಲೇಮ್ ನೋಡುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ವಿಶ್ರಾಂತಿಯನ್ನು ಸಮುದ್ರದ ದಂಡೆಯಲ್ಲೂ ಮಾಡಬಹುದಿತ್ತಲ್ಲ ಅಂತ ಅವರು ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಬೇಕಾದ್ದು ಬೇರೆಯೇ ಒಂದು ಪತ್ರ. ಅದರಲ್ಲಿ ಹೀಗಿರಲಿ: "ಇವರು ಇಂಥ ದಿನ, ಇಂಥ ಕಾಯಿಲೆಗಾಗಿ ದಾಖಲಾಗಿದ್ದಾರೆ. ಇಂಥ ದಿನದಿಂದ ಇಂಥ ದಿನದವರೆಗೆ ವಿಮಾನ ಪ್ರಯಾಣಕ್ಕೆ ವೈದ್ಯಕೀಯವಾಗಿ ಯೋಗ್ಯರಲ್ಲ." ಪ್ರಯಾಣದ ದಿನ ಆ ಎರಡು ತಾರೀಕುಗಳ ನಡುವೆ ಬರಬೇಕು. ಪತ್ರದ ತಾರೀಕು ನೀವು ಕ್ಯಾನ್ಸಲ್ ಮಾಡಿದ ದಿನದ್ದೋ ಅದಕ್ಕಿಂತ ಹಿಂದಿನದೋ ಆಗಿರಬೇಕು. ಮೊದಲು ಕ್ಯಾನ್ಸಲ್ ಮಾಡಿ ವಾರದ ಮೇಲೆ ಪತ್ರ ತಂದರೆ ಅನುಮಾನಕ್ಕೆ ಜಾಗ ಆಗುತ್ತದೆ. ಹೆಸರು ಟಿಕೆಟ್‌ನಲ್ಲಿ ಇದ್ದ ಹಾಗೇ ಇರಲಿ. ಆಸ್ಪತ್ರೆಯ ಕೌಂಟರ್‌ನಲ್ಲಿ ಅವಸರಕ್ಕೆ ಮನೆಯಲ್ಲಿ ಕರೆಯುವ ಹೆಸರು ಕೊಟ್ಟಿರುತ್ತಾರೆ, ಇನಿಷಿಯಲ್ ಬಿಟ್ಟಿರುತ್ತಾರೆ. ಡಿಸ್ಚಾರ್ಜ್ ಆದ ಮೇಲೆ ಅದನ್ನು ತಿದ್ದಿಸುವುದು ದೊಡ್ಡ ತಲೆನೋವು. ಹಾಸಿಗೆಯಲ್ಲಿ ಇರುವಾಗಲೇ ಸರಿಮಾಡಿಸಿ.

ಉಳಿದವರು ಹೋಗಬಹುದಾ?

ಇದಕ್ಕೆ ನಿಯಮ ಉತ್ತರ ಕೊಡುವುದಿಲ್ಲ, ಮನೆ ಕೊಡಬೇಕು. ದುಡ್ಡಿನ ಮಟ್ಟಿಗೆ ನೋಡಬೇಕಾದ್ದು, ಪಾಲಿಸಿಯಲ್ಲಿ ಹತ್ತಿರದ ಸಂಬಂಧಿ ಅಂತ ಯಾರನ್ನು ಸೇರಿಸಿದ್ದಾರೆ ಅನ್ನುವುದು. ಗಂಡ, ಹೆಂಡತಿ, ಮಕ್ಕಳು, ಅಪ್ಪ ಅಮ್ಮ ಇರುತ್ತಾರೆ. ಅತ್ತೆ ಮಾವ, ಚಿಕ್ಕಪ್ಪ, ಜೊತೆಗೆ ಹೊರಟ ಗೆಳೆಯ ಇದ್ದಾರಾ ಅನ್ನುವುದು ಪಾಲಿಸಿಯಿಂದ ಪಾಲಿಸಿಗೆ ಬೇರೆ. ವಿಮಾನದ ಟಿಕೆಟ್ ಬೇರೆಯವರ ಹೆಸರಿಗೆ ಸಾಮಾನ್ಯವಾಗಿ ಆಗುವುದಿಲ್ಲ. ಪ್ಯಾಕೇಜ್ ಟೂರ್ ಆದರೆ ಕೇಳಿ ನೋಡಿ. ಯುರೋಪಿಯನ್ ಒಕ್ಕೂಟದ 2015ರ ಪ್ಯಾಕೇಜ್ ಪ್ರಯಾಣ ನಿಯಮದಲ್ಲಿ, ಹೊರಡುವ 7 ದಿನ ಮೊದಲು ತಿಳಿಸಿದರೆ ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಕಳಿಸುವ ಹಕ್ಕು ಇದೆ. ಬದಲಾವಣೆಯ ಖರ್ಚು ಕೊಡಬೇಕಾಗುತ್ತದೆ.

ಡಿಸ್ಚಾರ್ಜ್ ಆಯಿತು, ಈಗ ಹೊರಡಬಹುದಾ?

ವಿಮಾನದ ಒಳಗಿನ ಗಾಳಿ ನೆಲದ ಮೇಲಿನ ಗಾಳಿಯಂತೆ ಇರುವುದಿಲ್ಲ. ಕ್ಯಾಬಿನ್ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ನಿಂತಷ್ಟು ಇರುತ್ತದೆ. ಎರಡು ಪರಿಣಾಮ ಆಗುತ್ತವೆ. ರಕ್ತದಲ್ಲಿ ಆಮ್ಲಜನಕ ಕಡಿಮೆ ಆಗುತ್ತದೆ, ಆರೋಗ್ಯವಂತರಿಗೂ ಸ್ವಲ್ಪ ಇಳಿಯುತ್ತದೆ. ಮೈಯೊಳಗೆ ಸಿಕ್ಕಿಕೊಂಡ ಗಾಳಿ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಮೇಲೆ ಹಾರುವಾಗ ಮುಚ್ಚಳ ಹಾಕಿಟ್ಟ ಖಾಲಿ ಪ್ಲಾಸ್ಟಿಕ್ ಬಾಟಲಿ ಇಳಿದ ಮೇಲೆ ಮುದುಡಿಕೊಂಡಿರುತ್ತದಲ್ಲ, ಅದೇ ಒತ್ತಡದ ಆಟ ಹೊಲಿಗೆ ಹಾಕಿದ ಹೊಟ್ಟೆಯೊಳಗೂ ನಡೆಯುತ್ತದೆ.

ಆದ್ದರಿಂದಲೇ ಆಪರೇಷನ್ ನಂತರದ ಕಾಯುವ ದಿನಗಳು ಬೇರೆ ಬೇರೆ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ಮಾರ್ಗಸೂಚಿ ಸರಿಸುಮಾರು ಹೀಗಿದೆ: ಕಣ್ಣಿನ ಪೊರೆಯ ಆಪರೇಷನ್‌ಗೆ 1 ದಿನ, ಸಣ್ಣ ರಂಧ್ರ ಮಾಡಿ ನಡೆಸುವ ಕೀಹೋಲ್ ಆಪರೇಷನ್‌ಗೆ 1ರಿಂದ 2 ದಿನ, ಸರಳವಾದ ಹೊಟ್ಟೆಯ ಆಪರೇಷನ್‌ಗೆ 4ರಿಂದ 5 ದಿನ, ದೊಡ್ಡ ಹೊಟ್ಟೆಯ ಆಪರೇಷನ್ ಅಥವಾ ಹೃದಯದ ಬೈಪಾಸ್‌ಗೆ 10 ದಿನ. ಮೂಳೆ ಮುರಿದು ಪ್ಲಾಸ್ಟರ್ ಹಾಕಿದ್ದರೆ 2 ಗಂಟೆಯೊಳಗಿನ ವಿಮಾನಕ್ಕೆ 24 ಗಂಟೆ, ಅದಕ್ಕಿಂತ ಉದ್ದದ್ದಕ್ಕೆ 48 ಗಂಟೆ. ಇವೆಲ್ಲ ತೊಂದರೆಯಿಲ್ಲದೆ ಗುಣವಾಗುತ್ತಿರುವವರಿಗೆ, ಅದೂ ಕನಿಷ್ಠ ದಿನಗಳು. ನಿಮ್ಮ ಏರ್‌ಲೈನ್‌ನ ನಿಯಮ ಇದಕ್ಕಿಂತ ಬಿಗಿಯಾಗಿರಬಹುದು. ರೆಟಿನಾ ಆಪರೇಷನ್‌ನಲ್ಲಿ ಕಣ್ಣಿನೊಳಗೆ ಅನಿಲದ ಗುಳ್ಳೆ ಬಿಟ್ಟಿದ್ದರೆ ಅದು ಪೂರ್ತಿ ಕರಗುವವರೆಗೆ ವಿಮಾನ ಹತ್ತಲೇಬಾರದು. ಇದಕ್ಕೆ ವಾರಗಳೇ ಹಿಡಿಯುತ್ತವೆ. ಗುಳ್ಳೆ ಹಿಗ್ಗಿದರೆ ದೃಷ್ಟಿಯೇ ಹೋಗಬಹುದು.

ಈಚೆಗೆ ಆಸ್ಪತ್ರೆಯಲ್ಲಿದ್ದವರಿಂದ, ಆಮ್ಲಜನಕ ಬೇಕಾದವರಿಂದ ಏರ್‌ಲೈನ್‌ಗಳು ಮೆಡಿಫ್ ಅನ್ನುವ ಫಾರ್ಮ್ ಕೇಳುತ್ತವೆ. ಅರ್ಧ ನೀವು ತುಂಬಬೇಕು, ಅರ್ಧ ಡಾಕ್ಟರ್. ಪ್ರಯಾಣಕ್ಕೆ 48ರಿಂದ 72 ಗಂಟೆ ಮೊದಲು ಕೊಡಿ ಅನ್ನುವುದು ಸಾಮಾನ್ಯ. ನಿಮ್ಮ ಡಾಕ್ಟರ್ ಸಹಿ ಹಾಕಿದರೂ ಕೊನೆಯ ಮಾತು ಏರ್‌ಲೈನ್‌ನ ವೈದ್ಯರದ್ದು. ಆಸ್ಪತ್ರೆಯಲ್ಲಿದ್ದದ್ದನ್ನು ಮುಚ್ಚಿಟ್ಟು ಏರ್‌ಪೋರ್ಟ್‌ಗೆ ಹೋಗುವ ಉಪಾಯ ಬೇಡ. ಏದುಸಿರು ಬಿಡುತ್ತಾ ಕೌಂಟರ್‌ನಲ್ಲಿ ನಿಂತವರನ್ನು ವಾಪಸ್ ಕಳಿಸುತ್ತಾರೆ, ಆಮೇಲೆ ಕ್ಲೇಮೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಹಾಗಾದರೆ ರೈಲಿನಲ್ಲೋ ಕಾರಿನಲ್ಲೋ ಹೋದರಾಯಿತು ಅನ್ನುತ್ತೀರಾ? ಗಾಳಿಯ ಒತ್ತಡದ ತೊಂದರೆ ತಪ್ಪುತ್ತದೆ, ನಿಜ. ಆದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ವಿಮಾನಕ್ಕಷ್ಟೇ ಸೀಮಿತ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 4 ಗಂಟೆ ದಾಟಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟು ಆಗುತ್ತದೆ. ಅಲುಗಾಡದೆ ಕೂತರೆ ಬಸ್, ರೈಲು, ಕಾರು ಎಲ್ಲಕ್ಕೂ ಇದೇ ಮಾತು. ಆಪರೇಷನ್ ಆದ ಹೊಸದರಲ್ಲಂತೂ ಇನ್ನೂ ಹೆಚ್ಚು. ನನ್ನನ್ನು ಕೇಳಿದರೆ ಇವುಗಳಲ್ಲಿ ರೈಲು ವಾಸಿ, ಎದ್ದು ಓಡಾಡಬಹುದು, ಮಲಗಲೂಬಹುದು. ಕಾರು ಆದರೆ ಬೇಕಾದಲ್ಲಿ ನಿಲ್ಲಿಸಬಹುದು, ಆದರೆ ಬೇಗ ತಲುಪುವ ಆಸೆಯಲ್ಲಿ ಯಾರೂ ನಿಲ್ಲಿಸುವುದಿಲ್ಲ.

ಪರಊರಿನಲ್ಲೇ ಅಡ್ಮಿಟ್ ಆದರೆ

ಹೋದ ಜಾಗದಲ್ಲೇ ಆಸ್ಪತ್ರೆ ಸೇರಿದರೆ ಎಲ್ಲರಿಗೂ ಮೊದಲು ಅನಿಸುವುದು ಮನೆಗೆ ಹೋಗಿಬಿಡೋಣ ಅಂತ. ಸಹಜವೇ. ಆದರೆ ಅಲ್ಲಿನ ಆಸ್ಪತ್ರೆಯಲ್ಲಿ ಸರಿಯಾದ ಚಿಕಿತ್ಸೆ ಸಿಗುತ್ತಿದ್ದರೆ ಅಲ್ಲೇ ಸುಧಾರಿಸಿಕೊಂಡು, ಸಾಮಾನ್ಯ ಸೀಟಿನಲ್ಲಿ ಕೂತು ವಾಪಸ್ ಬರುವುದು ಬಹುಪಾಲು ಜನರಿಗೆ ಸರಿಯಾದ ದಾರಿ. ಅಪಾಯವೂ ಕಡಿಮೆ, ಖರ್ಚೂ ಕಡಿಮೆ. ಪ್ರಯಾಣ ಶುರುವಾದ ಮೇಲೆ ಕಾಯಿಲೆ ಬಿದ್ದವರ ಟಿಕೆಟ್ ಅವಧಿಯನ್ನು ವಿಸ್ತರಿಸಬಹುದು ಅನ್ನುವ ಷರತ್ತು ಅನೇಕ ಏರ್‌ಲೈನ್‌ಗಳ ನಿಯಮಗಳಲ್ಲಿದೆ. ಡಾಕ್ಟರ ಪತ್ರದಲ್ಲಿರುವ ಗುಣವಾದ ತಾರೀಕಿನಿಂದ 3 ತಿಂಗಳವರೆಗೆ ಅಂತ ಕೆಲವು ಕಡೆ ಬರೆದಿರುತ್ತದೆ. ಕಾಲ್ ಸೆಂಟರ್‌ನವರಿಗೇ ಇದು ಗೊತ್ತಿರುವುದಿಲ್ಲ. ಟಿಕೆಟ್‌ನ ನಿಯಮಗಳಲ್ಲಿ ಆ ಕಲಮನ್ನು ಹುಡುಕಿ, ಅದನ್ನೇ ತೋರಿಸಿ ಕೇಳಿ.

ಕೂರಬಲ್ಲರು, ಆದರೆ ಒಬ್ಬರೇ ಬರಲಾರರು ಅನ್ನುವ ಸ್ಥಿತಿ ಇದ್ದರೆ ನರ್ಸ್ ಅಥವಾ ಡಾಕ್ಟರ್ ಜೊತೆಗೆ ಬರುವ ವ್ಯವಸ್ಥೆ ಇದೆ. ಮಾಮೂಲಿ ವಿಮಾನವೇ, ಸಾಧ್ಯವಾದರೆ ಮಲಗಲು ಬರುವ ಸೀಟು. ನೋಡಲು ಸಾದಾ ಅನಿಸಿದರೂ ನನಗೆ ತುಂಬಾ ಜಾಣತನದ ಆಯ್ಕೆ ಅನಿಸುವುದು ಇದು. ಬಹಳ ಮಂದಿಗೆ ಇಂಥದ್ದು ಇದೆ ಅಂತಲೇ ಗೊತ್ತಿಲ್ಲ, ನೇರವಾಗಿ ಏರ್ ಆಂಬುಲೆನ್ಸ್ ಅನ್ನುತ್ತಾರೆ.

ಕೂರಲು ಆಗದವರಿಗೆ ಅದೇ ಮಾಮೂಲಿ ವಿಮಾನದಲ್ಲಿ ಸ್ಟ್ರೆಚರ್. ಎಕಾನಮಿ ಭಾಗದಲ್ಲಿ ಸೀಟುಗಳ ಬೆನ್ನನ್ನು ಮಡಚಿ ಅದರ ಮೇಲೆ ಸ್ಟ್ರೆಚರ್ ಕೂರಿಸುತ್ತಾರೆ, ಸುತ್ತ ಪರದೆ ಎಳೆಯುತ್ತಾರೆ. ಆರರಿಂದ ಒಂಬತ್ತು ಸೀಟಿನ ಜಾಗ ಹೋಗುತ್ತದೆ, ಅದಕ್ಕೆ ತಕ್ಕ ದರ. ರೋಗಿಯನ್ನು ಆಂಬುಲಿಫ್ಟ್ ಅನ್ನುವ ಎತ್ತುವ ಗಾಡಿಯಲ್ಲಿ ಬೇರೆ ಬಾಗಿಲಿನಿಂದ ಒಳಗೆ ತರುತ್ತಾರೆ, ಸಾಮಾನ್ಯವಾಗಿ ಉಳಿದವರು ಹತ್ತುವ ಮೊದಲು. ಜೊತೆಗೆ ಒಬ್ಬರು ಇರಲೇಬೇಕು. ಎಲ್ಲ ಏರ್‌ಲೈನ್‌ಗಳಲ್ಲೂ, ಎಲ್ಲ ವಿಮಾನಗಳಲ್ಲೂ ಈ ಸೌಲಭ್ಯ ಇಲ್ಲ. ಸೀಟು ಖಾಲಿ ಇರುವ ದಿನಕ್ಕೂ ಕಾಯಬೇಕು.

ಏರ್ ಆಂಬುಲೆನ್ಸ್ ಕೊನೆಯದು. ಚಿಕ್ಕ ಜೆಟ್ ವಿಮಾನದೊಳಗೆ ಐಸಿಯು. ಈ ಆಸ್ಪತ್ರೆಯ ಹಾಸಿಗೆಯಿಂದ ಆ ಆಸ್ಪತ್ರೆಯ ಹಾಸಿಗೆಯವರೆಗೆ ಅವರದೇ ಹೊಣೆ. ದೂರದ ಪ್ರಯಾಣದಲ್ಲಿ ನಡುವೆ ಇಂಧನಕ್ಕೆ ಇಳಿಯಬೇಕಾಗುತ್ತದೆ. ಇದರಲ್ಲಿ ಮಾತ್ರ ಸಿಗುವ ಒಂದು ಅನುಕೂಲ ಅಂದರೆ, ಬೇಕಾದರೆ ಕೆಳಗೆ ಹಾರಿ ಕ್ಯಾಬಿನ್ ಒತ್ತಡವನ್ನು ನೆಲದ ಮಟ್ಟಕ್ಕೆ ಹತ್ತಿರ ಇಡಬಹುದು. ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡವರಿಗೆ, ತಲೆಯೊಳಗೆ ಗಾಳಿ ಉಳಿದವರಿಗೆ ಇದು ದೊಡ್ಡ ವಿಷಯ. ಉಳಿದವರಿಗೆ ಇದು ಬೇಕಾಗುವುದು ಅಲ್ಲಿ ತಕ್ಕ ಚಿಕಿತ್ಸೆಯೇ ಸಿಗದಿದ್ದಾಗ.

ಇಲ್ಲಿ ಜನ ಎಡವುವುದು ಒಂದೇ ಕಡೆ. ಗಾಬರಿಯಲ್ಲಿ ತಾವೇ ವಿಮಾನ ಗೊತ್ತುಮಾಡಿ, ಆಮೇಲೆ ಇನ್ಶೂರೆನ್ಸ್‌ನವರ ಹತ್ತಿರ ಬಿಲ್ ಇಡುತ್ತಾರೆ. ಮೊದಲೇ ಅವರ ಒಪ್ಪಿಗೆ ಪಡೆಯದ ಸಾಗಾಟಕ್ಕೆ ಬಹುತೇಕ ಪಾಲಿಸಿಗಳು ದುಡ್ಡು ಕೊಡುವುದಿಲ್ಲ. ಸಾಗಿಸಬೇಕಾ, ಹೇಗೆ, ಎಲ್ಲಿಗೆ ಅಂತ ತೀರ್ಮಾನಿಸುವವರು ಅವರ ವೈದ್ಯರು. ಹೆಚ್ಚಿನ ಪಾಲಿಸಿಗಳು ಒಪ್ಪುವುದು ತಕ್ಕ ಚಿಕಿತ್ಸೆ ಸಿಗುವ ಹತ್ತಿರದ ಆಸ್ಪತ್ರೆಗೆ. ನಿಮ್ಮ ಊರಿಗೆ ಅಂತ ಬರೆದಿದೆಯಾ ಅನ್ನುವುದನ್ನು ಪಾಲಿಸಿ ಕೊಳ್ಳುವಾಗಲೇ ನೋಡಬೇಕು.

ಜೊತೆಗಿದ್ದವರಲ್ಲಿ ಒಬ್ಬರು ಉಳಿಯಲಿ, ಮಿಕ್ಕವರು ವಾಪಸ್ ಹೋಗಲಿ. ಎಲ್ಲರೂ ಆಸ್ಪತ್ರೆಯ ಕಾರಿಡಾರ್‌ನಲ್ಲಿ ಕೂತರೆ ರೋಗಿಗೇನೂ ಲಾಭವಿಲ್ಲ, ಹೋಟೆಲ್ ಬಿಲ್ ಮಾತ್ರ ಬೆಳೆಯುತ್ತದೆ. ಉಳಿಯುವವರು ಯಾರು ಅಂತ ಆರಿಸುವಾಗ ಪ್ರೀತಿಗಿಂತ ಸ್ವಲ್ಪ ಬೇರೆ ಲೆಕ್ಕ ಹಾಕಿ: ಅಲ್ಲಿನ ಭಾಷೆ ಯಾರಿಗೆ ಬರುತ್ತದೆ, ಫೋನಿನಲ್ಲಿ ತಾಳ್ಮೆಯಿಂದ ಯಾರು ಮಾತಾಡುತ್ತಾರೆ, ಯಾರಿಗೆ ರಜೆ ಸಿಗುತ್ತದೆ. ಆಸ್ಪತ್ರೆವಾಸ ಇಂತಿಷ್ಟು ದಿನ ದಾಟಿದರೆ ಒಬ್ಬ ಸಂಬಂಧಿಯ ಓಡಾಟದ ಖರ್ಚನ್ನು ಕೊಡುವ ಪಾಲಿಸಿಗಳೂ ಇವೆ.

ವೀಸಾ ಮುಗಿಯುತ್ತಿದ್ದರೆ ಮುಗಿಯುವ ಮೊದಲೇ ಅರ್ಜಿ ಹಾಕಿ. ಉದಾಹರಣೆಗೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ನಿಯಮದಲ್ಲಿ, ಕೈಮೀರಿದ ಕಾರಣಕ್ಕೆ ಹೊರಡಲು ಆಗದವರಿಗೆ ಶುಲ್ಕ ಇಲ್ಲದೆ ಅವಧಿ ವಿಸ್ತರಿಸುವ ಅವಕಾಶ ಇದೆ. ಆಸ್ಪತ್ರೆಯ ಪತ್ರ ಬೇಕು.

ಬಿಲ್: ಕ್ಯಾಶ್‌ಲೆಸ್ಸಾ, ಕಟ್ಟಿ ಆಮೇಲೆ ಕೇಳುವುದಾ?

ಕ್ಯಾಶ್‌ಲೆಸ್ ಸಿಕ್ಕರೆ, ಅಂದರೆ ಆಸ್ಪತ್ರೆಗೆ ಇನ್ಶೂರೆನ್ಸ್‌ನವರೇ ನೇರವಾಗಿ ದುಡ್ಡು ಕಟ್ಟಿದರೆ, ಬೇರೆ ಯೋಚನೆ ಬೇಡ. ಅದು ಸಿಗಬೇಕಾದರೆ ಇನ್ಶೂರೆನ್ಸ್‌ನ ತುರ್ತು ನಂಬರಿಗೆ ಬೇಗ ಫೋನ್ ಹೋಗಬೇಕು. ಮೊದಲೇ ಗೊತ್ತಿದ್ದ ಅಡ್ಮಿಷನ್ ಆದರೆ ಸೇರುವ ಮೊದಲು, ತುರ್ತಾದರೆ 24 ಗಂಟೆಯೊಳಗೆ ಅನ್ನುವುದು ಸಾಮಾನ್ಯ ಷರತ್ತು. ಅವರು ಆಸ್ಪತ್ರೆಗೆ ಹಣದ ಭರವಸೆಯ ಪತ್ರ ಕಳಿಸುತ್ತಾರೆ. ಅದು ಬರುವವರೆಗೆ ಆಸ್ಪತ್ರೆ ಡೆಪಾಸಿಟ್ ಕೇಳಿದರೆ ಕಾರ್ಡ್‌ನಲ್ಲಿ ಕಟ್ಟಿ, ನಗದು ಬೇಡ. ದಾಖಲೆ ಉಳಿಯುತ್ತದೆ.

ಸಣ್ಣ ಬಿಲ್ ಆದರೆ ನೀವೇ ಕಟ್ಟಿ ಆಮೇಲೆ ಕ್ಲೇಮ್ ಮಾಡುವುದೇ ಸಲೀಸು. ಆಗ ಒಟ್ಟು ಮೊತ್ತದ ರಸೀದಿ ಸಾಲದು. ಯಾವ ದಿನ, ಯಾವ ಪರೀಕ್ಷೆ, ಯಾವ ಔಷಧಿ ಅಂತ ಬಿಡಿಬಿಡಿಯಾಗಿ ಬರೆದ ಬಿಲ್, ಔಷಧಿ ಚೀಟಿ, ಲ್ಯಾಬ್ ರಿಪೋರ್ಟ್, ಎಲ್ಲದರ ಅಸಲು ಪ್ರತಿ ಬೇಕು. ಆಸ್ಪತ್ರೆಯಿಂದ ಹೊರಗೆ ಕಾಲಿಟ್ಟ ಮೇಲೆ, ಅದೂ ಇನ್ನೊಂದು ದೇಶದಿಂದ, ಈ ಕಾಗದಗಳನ್ನು ತರಿಸಿಕೊಳ್ಳುವುದು ತಿಂಗಳುಗಟ್ಟಲೆಯ ಕೆಲಸ.

ಕ್ರೆಡಿಟ್ ಕಾರ್ಡ್ ಜೊತೆಗೆ ಬರುವ ಪ್ರಯಾಣ ಇನ್ಶೂರೆನ್ಸ್ ಇದೆಯಲ್ಲ ಅಂತ ಕೆಲವರಿಗೆ ಧೈರ್ಯ. ಇದೆ, ಆದರೆ ಸಾಮಾನ್ಯವಾಗಿ ಟಿಕೆಟನ್ನು ಅದೇ ಕಾರ್ಡ್‌ನಲ್ಲಿ ಕೊಂಡಿರಬೇಕು. ಎಷ್ಟೋ ಕಾರ್ಡ್‌ಗಳಲ್ಲಿ ಅಪಘಾತಕ್ಕೂ ಕಳೆದುಹೋದ ಲಗೇಜಿಗೂ ಇರುವ ಕವರ್ ಆಸ್ಪತ್ರೆ ಖರ್ಚಿಗೆ ಇರುವುದಿಲ್ಲ. ಬೇರೆ ಪಾಲಿಸಿ ಇದ್ದರೆ ಮೊದಲು ಅಲ್ಲಿ ಕೇಳಿ ಬನ್ನಿ ಅನ್ನುವ ಕಾರ್ಡ್‌ಗಳೂ ಉಂಟು. ಆಸ್ಪತ್ರೆಯ ಮಟ್ಟಿಗೆ ನಾನು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮುಂದಿನ ಟ್ರಿಪ್‌ಗೆ ಪಾಲಿಸಿ ಕೊಳ್ಳುವಾಗ

ಈ ಆಸ್ಪತ್ರೆವಾಸ ಮುಂದಿನ ಪಾಲಿಸಿಯ ಫಾರ್ಮ್‌ನಲ್ಲಿ ಹಳೆಯ ಕಾಯಿಲೆ ಆಗಿ ಕೂರುತ್ತದೆ. ಕೆಲವು ಪಾಲಿಸಿಗಳು ಹಿಂದಿನ 60ರಿಂದ 180 ದಿನಗಳಲ್ಲಿ ಚಿಕಿತ್ಸೆ ಪಡೆದ ಕಾಯಿಲೆಯನ್ನು ಮಾತ್ರ ಹೊರಗಿಡುತ್ತವೆ, ಕೆಲವು ಎಷ್ಟು ಹಳೆಯದಾದರೂ ಕೇಳುತ್ತವೆ. ಮೊದಲ ಬಗೆಯದ್ದಾದರೆ ಟ್ರಿಪ್ಪನ್ನು ಕೆಲವು ತಿಂಗಳು ತಳ್ಳಿದರೆ ಅದೇ ಕವರ್ ಪೂರ್ತಿ ಸಿಗಬಹುದು. ಎರಡನೆಯದ್ದಾದರೆ ಕಾಯುವುದರಿಂದ ಪ್ರಯೋಜನ ಇಲ್ಲ, ಹೆಚ್ಚು ಪ್ರೀಮಿಯಂ ಕೊಟ್ಟು ಆ ಕಾಯಿಲೆಯನ್ನೂ ಸೇರಿಸಿಕೊಳ್ಳಬೇಕು. ಕಾರಣ ಹೇಳದೆ ಕ್ಯಾನ್ಸಲ್ ಮಾಡಬಹುದಾದ ಪಾಲಿಸಿ ಕೂಡ ಕೆಲವು ದೇಶಗಳಲ್ಲಿ ಇದೆ. ಅದು ಸಾಮಾನ್ಯವಾಗಿ ಖರ್ಚಿನ 50ರಿಂದ 75 ಶೇಕಡಾ ಮಾತ್ರ ಕೊಡುತ್ತದೆ, ಮೊದಲ ಮುಂಗಡ ಕಟ್ಟಿದ ಎರಡು ಮೂರು ವಾರದೊಳಗೆ ಕೊಂಡಿರಬೇಕು, ಕ್ಯಾನ್ಸಲ್ ಮಾಡುವುದು ಹೊರಡುವ 48 ಗಂಟೆಗೂ ಮೊದಲು ಆಗಬೇಕು. ಆರೋಗ್ಯ ಇನ್ನೂ ಅಲುಗಾಡುತ್ತಿರುವವರಿಗೆ ಅದರ ಹೆಚ್ಚಿನ ಪ್ರೀಮಿಯಂ ಕೊಡುವುದು ತಪ್ಪಲ್ಲ. ಗಟ್ಟಿಮುಟ್ಟಾಗಿ ಗುಣವಾದವರು ಅದರ ಬದಲು ರೀಫಂಡ್ ಸಿಗುವ ಟಿಕೆಟ್ ಮತ್ತು ಹೋಟೆಲ್ ತೆಗೆದುಕೊಂಡರೆ ಸಾಕು. ಯಾವುದನ್ನೇ ಕೊಳ್ಳಿ, ಫಾರ್ಮ್‌ನಲ್ಲಿ ಈ ಸಲದ ಅಡ್ಮಿಷನ್ ಬಗ್ಗೆ ಕೇಳಿದರೆ ಡಿಸ್ಚಾರ್ಜ್ ಸಮರಿ ಪಕ್ಕದಲ್ಲಿಟ್ಟುಕೊಂಡು ಅದರಲ್ಲಿ ಇರುವ ಹಾಗೇ ಬರೆಯಿರಿ.